ಎರಡಡಿ ಟ್ಯಾಂಕ್‌ಗೆ ಕಲ್ಲು, ಗಿಡ ಜೋಡಿಸುವ ನನ್ನ ಲೆಕ್ಕ

ಅಕ್ವಾಸ್ಕೇಪ್‌ಗೆ (ಮೀನಿನ ಟ್ಯಾಂಕಿನೊಳಗೆ ಕಲ್ಲು, ಗಿಡಗಳಿಂದ ಮಾಡುವ ತೋಟ) ಕಲ್ಲು ಆರಿಸುವ ಮೊದಲು ನಾನು ಗಿಡ ತೀರ್ಮಾನ ಮಾಡಿಕೊಳ್ಳುತ್ತೇನೆ. ಗಿಡ ಪೂರ್ತಿ ಹಬ್ಬಿದ ಮೇಲೆ ಎಷ್ಟೆತ್ತರ ನಿಲ್ಲುತ್ತದೆ ಅನ್ನುವುದರ ಮೇಲೆ ಕಲ್ಲಿನ ಅಳತೆ ನಿಂತಿದೆ. ಖಾಲಿ ಟ್ಯಾಂಕ್‌ನಲ್ಲಿ ಚೆಂದ ಕಂಡ ಚಿಕ್ಕ ಕಲ್ಲುಗಳು ಎರಡು ಮೂರು ತಿಂಗಳಲ್ಲಿ ಹಸಿರಿನಡಿ ಮುಚ್ಚಿಹೋಗುತ್ತವೆ. ಆಗ ಬದಲಿಸಲು ಹೋದರೆ ಹಬ್ಬಿದ ಗಿಡವೆಲ್ಲ ಬೇರು ಸಮೇತ ಕಿತ್ತು ಬರುತ್ತದೆ.

ಇಲ್ಲಿ ಹೇಳುತ್ತಿರುವುದು 60×30×36 ಸೆಂ.ಮೀ. ಟ್ಯಾಂಕಿನ ಲೆಕ್ಕ. ಜೋಡಣೆ ಇವಾಗುಮಿ, ಜಪಾನಿನ ತಕಾಶಿ ಅಮಾನೊ ಬೆಳೆಸಿದ ಶೈಲಿ: ಬೆಸ ಸಂಖ್ಯೆಯ ಕಲ್ಲುಗಳು, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಜಮಾನ ಕಲ್ಲು. 5 ಅಥವಾ 7 ಕಲ್ಲು, ಒಟ್ಟು 10–12 ಕೆ.ಜಿ. ಸಾಕು. ಆದರೆ ಅದರ ಎರಡರಷ್ಟು ಕಲ್ಲು ಮುಂದಿದ್ದರೇ ಆರಿಸಲು ಆಗುವುದು.

ಸೆಯ್ರ್ಯು ಕಲ್ಲು ನೋಡಲು ಎಷ್ಟೇ ಚೆಂದವಿದ್ದರೂ ಸುಣ್ಣದಂಶ ಬಿಡುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಮೊದಲೇ ಗಡುಸು, ಅದಕ್ಕೆ ಇದೂ ಸೇರುವುದು ಬೇಡ. ನಾನು ಬಳಸುವುದು ಡ್ರ್ಯಾಗನ್ ಸ್ಟೋನ್ ಅಥವಾ ನಮ್ಮ ಗ್ರಾನೈಟ್ ಕಲ್ಲು. ಡ್ರ್ಯಾಗನ್ ಸ್ಟೋನಿನ ತೂತುಗಳಲ್ಲಿ ಜೇಡಿ ತುಂಬಿರುತ್ತದೆ, ಕಡ್ಡಿ ಹಾಕಿ ಕೆದಕಿ ಟೂತ್‌ಬ್ರಶ್‌ನಲ್ಲಿ ಉಜ್ಜಬೇಕು. ಗುರುತಿಲ್ಲದ ಕಲ್ಲಾದರೆ ಕೈಗವಸು ಹಾಕಿಕೊಂಡು ಟಾಯ್ಲೆಟ್ ಆಸಿಡ್ ಒಂದೆರಡು ಹನಿ ಬಿಡಿ; ನೊರೆ ಎದ್ದರೆ ಸುಣ್ಣವಿದೆ ಎಂದರ್ಥ. ವಿನೆಗರ್ ದುರ್ಬಲ, ಅದನ್ನು ನಂಬಬೇಡಿ. ಪರೀಕ್ಷೆ ಮಾಡಿದ ಕಲ್ಲನ್ನು ಚೆನ್ನಾಗಿ ತೊಳೆಯಿರಿ.

ಜೋಡಿಸುವ ಅಭ್ಯಾಸ ಟ್ಯಾಂಕ್‌ನ ಹೊರಗೇ ಆಗಬೇಕು. ರಟ್ಟಿನ ಡಬ್ಬಿಯನ್ನು ಅದೇ ಅಳತೆಗೆ ಕತ್ತರಿಸಿ ಮರಳು ಹಾಕುತ್ತೇನೆ. ಯಜಮಾನ ಕಲ್ಲು ಒಂದು ಬದಿಯಿಂದ 23 ಸೆಂ.ಮೀ. ದೂರದಲ್ಲಿ, ತುಸು ವಾಲಿಸಿ. ಎಲ್ಲ ಕಲ್ಲಿನ ಗೆರೆಗಳೂ ಒಂದೇ ದಿಕ್ಕಿಗೆ ಹರಿಯಬೇಕು. ಒಂದು ಅಡ್ಡ ತಿರುಗಿದರೂ ಅಲ್ಲೇ ಕಣ್ಣು ಸಿಕ್ಕಿಕೊಳ್ಳುತ್ತದೆ. ಕುಳಿತಾಗಿನ ಕಣ್ಣಿನ ಮಟ್ಟದಿಂದ ಫೋಟೊ ತೆಗೆದು ನೋಡಿ, ಎದುರಿಗೆ ನಿಂತಾಗ ತಪ್ಪಿಸಿಕೊಂಡ ಓರೆಕೋರೆ ಅದರಲ್ಲಿ ಕಾಣುತ್ತದೆ. ಗಾಜಿನಿಂದ 4 ಸೆಂ.ಮೀ. ಜಾಗ ಬಿಡದಿದ್ದರೆ ಪಾಚಿ ಉಜ್ಜುವ ಮ್ಯಾಗ್ನೆಟ್ ನುಗ್ಗುವುದಿಲ್ಲ.

ಈಗ ಎತ್ತರ. ದೊಡ್ಡ ಕಲ್ಲು 24 ಸೆಂ.ಮೀ., ಅಂದರೆ ಟ್ಯಾಂಕಿನ ಮೂರನೇ ಎರಡರಷ್ಟು. ಅದು ತಳದ ಮೇಲೇ ಕೂರುವುದರಿಂದ ಸಾಯಿಲ್ (ಟ್ಯಾಂಕ್ ಗಿಡಗಳಿಗೆಂದೇ ಸಿಗುವ ಮಣ್ಣಿನ ಹರಳು) ಸರಾಸರಿ 6 ಸೆಂ.ಮೀ. ನುಂಗುತ್ತದೆ, ಮಾಂಟೆ ಕಾರ್ಲೊ ಎಂಬ ನೆಲಕ್ಕೆ ಹಬ್ಬುವ ಗಿಡದ ಹಾಸು ಇನ್ನು 3. ಉಳಿಯುವುದು 15. ಇದೇ ಲೆಕ್ಕದಲ್ಲಿ 11 ಸೆಂ.ಮೀ. ಕಲ್ಲು ಕಾಣುವುದು ಬರೀ 2! ಅದಕ್ಕೇ ಮುಂದಿನ ಸಾಲಿಗೂ ಅಂದುಕೊಂಡದ್ದಕ್ಕಿಂತ ಒಂದು ಸೈಜ್ ದೊಡ್ಡದನ್ನೇ ಇಡುತ್ತೇನೆ.

ತಳದ ಗಾಜಿನ ಮೇಲೆ ಫಾಲ್ಸ್ ಸೀಲಿಂಗ್ ಲೈಟಿಗೆ ಬಳಸುವ ಚೌಕುಳಿ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ಕಲ್ಲು, ಆಮೇಲೆ ಸಾಯಿಲ್. ಸಾಯಿಲ್ ಮೇಲೆ ಕಲ್ಲಿಟ್ಟರೆ ಕ್ರಮೇಣ ಕುಸಿದು ವಾಲುತ್ತದೆ. ಮುಂದೆ 3, ಹಿಂದೆ 9 ಸೆಂ.ಮೀ. ಇಳಿಜಾರಿಗೆ ಸುಮಾರು 11 ಲೀಟರ್ ಬೇಕು: 9 ಲೀಟರಿನ ಸಾಯಿಲ್ ಚೀಲ ಒಂದು, ಮಿಕ್ಕದ್ದಕ್ಕೆ ಪ್ಯೂಮಿಸ್ (ತೂತುತೂತಿನ ಹಗುರ ಜ್ವಾಲಾಮುಖಿ ಕಲ್ಲು) ಚೂರುಗಳನ್ನು ಬಲೆಚೀಲದಲ್ಲಿ ಕಟ್ಟಿ ಹಿಂಭಾಗದ ಅಡಿಗೆ. ಬೇರು ಹಿಡಿಯುವ ತನಕ ಇಳಿಜಾರು ಜಾರುತ್ತದೆ, ಕಲ್ಲುಗಳ ಸಂದಿಗೆ ಚೂರುಕಲ್ಲು ತುರುಕಿ ಒಡ್ಡು ಕಟ್ಟಬೇಕು.

ಮುಂದೆ ಮಾಂಟೆ ಕಾರ್ಲೊ, ನಾಲ್ಕು ಟಿಶ್ಯೂ ಕಲ್ಚರ್ ಕಪ್ (ಲ್ಯಾಬಿನಲ್ಲಿ ಬೆಳೆಸಿ ಕಪ್ಪಿನಲ್ಲಿ ಮಾರುವ ಸಸಿ). ಕಡಲೆಕಾಳಿನಷ್ಟು ಚೂರು ಮಾಡಿ 2 ಸೆಂ.ಮೀ.ಗೊಂದು ನೆಡುವುದು. ಕಲ್ಲಿನ ಬುಡದ ನೆರಳಿಗೆ ಅನೂಬಿಯಸ್ ನಾನಾ ಪೆಟೀಟ್ ಎಂಬ ಪುಟ್ಟ ಎಲೆಯ ಗಿಡ, ಸೂಪರ್ ಗ್ಲೂ ಜೆಲ್ ಹಚ್ಚಿ. ಅದರ ದಪ್ಪ ಕಾಂಡ ಸಾಯಿಲ್‌ನಲ್ಲಿ ಹೂತರೆ ಕೊಳೆಯುತ್ತದೆ. ಹಿಂದೆ ರೊಟಾಲಾ ರೊಟುಂಡಿಫೋಲಿಯಾ, ಎತ್ತರಕ್ಕೆ ಬೆಳೆಯುವ ಕಾಂಡದ ಗಿಡ. ನಮ್ಮ ಪಶ್ಚಿಮ ಘಟ್ಟದ ರೊಟಾಲಾ ಮ್ಯಾಕ್ರಾಂಡ್ರಾ ಕೆಂಪು ಮನಸೆಳೆಯುತ್ತದೆ ನಿಜ, ಆದರೆ ಅದಕ್ಕೆ ಮೆದು ನೀರು, ಜೋರು ಬೆಳಕು ಎರಡೂ ಬೇಕು.

ಹೊಸ ಸಾಯಿಲ್ ಅಮೋನಿಯಾ ಬಿಡುತ್ತದೆ. ಮೊದಲ ವಾರ ದಿನಾ ಅರ್ಧ ನೀರು ಬದಲಿಸಿ, ಲೈಟ್ 6 ಗಂಟೆ ಮೀರದಿರಲಿ, ಗಿಡಕ್ಕೆ ಬಿಡುವ ಸಿಒ2 (ಇಂಗಾಲದ ಡೈಆಕ್ಸೈಡ್) ಡ್ರಾಪ್ ಚೆಕ್ಕರ್ (ಅದರ ಪ್ರಮಾಣವನ್ನು ಬಣ್ಣದಲ್ಲಿ ತೋರಿಸುವ ಪುಟ್ಟ ಬುರುಡೆ) ತಿಳಿಹಸಿರಿಗೆ ಬರುವಷ್ಟಿರಲಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗುವವರೆಗೆ ಮೀನು ಬೇಡ. ಮಾಂಟೆ ಕಾರ್ಲೊ 3 ಸೆಂ.ಮೀ. ದಾಟಿದೊಡನೆ ಕತ್ತರಿಸಿ, ಬಿಟ್ಟರೆ ಕೆಳಗಿನ ಪದರ ಬೆಳಕಿಲ್ಲದೆ ಕೊಳೆತು, ಹಾಸು ಇಡಿಯಾಗಿ ಮೇಲೆದ್ದು ತೇಲುತ್ತದೆ.