ಜೋಲುಬೀಳುತ್ತಿದ್ದ ಷ್ರೌಡ್ ಹಗ್ಗಗಳು: ನನ್ನ ಅನುಭವ

ನನ್ನ ಮರದ ಮಾದರಿ ಹಡಗಿನಲ್ಲಿ ಹಾಯಿಕಂಬವನ್ನು ಎರಡೂ ಪಕ್ಕಗಳಿಂದ ಹಿಡಿದು ನಿಲ್ಲಿಸುವ ಷ್ರೌಡ್ ಹಗ್ಗಗಳು, ಕಟ್ಟಿದಾಗ ಬಿಗಿಯಾಗಿದ್ದರೂ, ಹವೆ ಬದಲಾದಂತೆಲ್ಲ ಜೋಲುಬೀಳುತ್ತಿದ್ದವು. ಕಿಟ್‌ನೊಂದಿಗೆ ಬಂದ ಹತ್ತಿ ದಾರವೇ ಇದಕ್ಕೆ ಮುಖ್ಯ ಕಾರಣ: ತೇವಾಂಶ ಹೀರಿದಾಗ ಎಳೆಗಳು ಉಬ್ಬಿ ಹುರಿ ಗಿಡ್ಡವಾಗುತ್ತದೆ, ಒಣಗಿದಾಗ ಸಡಿಲಗೊಳ್ಳುತ್ತದೆ.

ಆದ್ದರಿಂದ ಅದನ್ನೆಲ್ಲ ಕತ್ತರಿಸಿ ತೆಗೆದು, ತೇವವನ್ನು ಬಹಳ ಕಡಿಮೆ ಹೀರುವ ಕಡುಕಂದು ಪಾಲಿಯೆಸ್ಟರ್ ಹುರಿಯನ್ನು ಬಳಸಿದೆ. ಅಸಲಿ ಹಡಗುಗಳಲ್ಲಿ ಈ ಹಗ್ಗಗಳಿಗೆ ಟಾರು ಬಳಿಯುತ್ತಿದ್ದುದರಿಂದ ಗಾಢ ಬಣ್ಣವೇ ಒಪ್ಪುತ್ತದೆ. ಅಚ್ಚ ಕಪ್ಪು ನನ್ನ ಕಣ್ಣಿಗೆ ತುಸು ಕೃತಕವೆನಿಸುತ್ತದೆ.

ಕಟ್ಟುವ ಕ್ರಮವೂ ಅಷ್ಟೇ ಮುಖ್ಯ. ಒಂದು ಪಕ್ಕದ ಹಗ್ಗಗಳನ್ನೆಲ್ಲ ಒಟ್ಟಿಗೆ ಬಿಗಿದರೆ ತೆಳುವಾದ ಕಂಬ ಆ ಕಡೆಗೆ ಬಾಗುತ್ತದೆ, ಎದುರು ಪಕ್ಕವನ್ನು ಎಳೆದು ಅದನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮೊದಲಿನವು ಸಡಿಲವಾಗಿರುತ್ತವೆ. ಹಾಗಾಗಿ ಬಲಪಕ್ಕದ ಮುಂದಿನ ಜೋಡಿ, ನಂತರ ಎಡಪಕ್ಕದ ಮುಂದಿನ ಜೋಡಿ, ಹೀಗೆ ಸರದಿಯಂತೆ ಹಿಂದಕ್ಕೆ ಸಾಗಿದೆ. ದೊಡ್ಡ ಹಡಗುಗಳಲ್ಲಿಯೂ ಇದೇ ರೂಢಿಯಿತ್ತು.

ಹಗ್ಗದ ತುದಿಯಲ್ಲಿ ಬರುವ ಮೂರು ತೂತಿನ ಮರದ ಬಿಲ್ಲೆಗಳು, ಅಂದರೆ ಡೆಡ್‌ಐಗಳು, ಒಂದೇ ಎತ್ತರದಲ್ಲಿ ಕೂರುವುದು ಸುಲಭವಲ್ಲ. ಹಿತ್ತಾಳೆ ತಂತಿಯ ಎರಡು ತುದಿಗಳನ್ನೂ ಒಂದೇ ಕಡೆಗೆ ಲಂಬವಾಗಿ ಮಡಿಸಿ, ಒಂದನ್ನು ಕೆಳಗಿನ ಬಿಲ್ಲೆಯ ತೂತಿಗೂ ಇನ್ನೊಂದನ್ನು ಮೇಲಿನದಕ್ಕೂ ಸಿಕ್ಕಿಸಿದರೆ, ಹಗ್ಗವನ್ನು ಸುತ್ತಿ ಕಟ್ಟುವವರೆಗೆ ಅಂತರ ಕದಲುವುದಿಲ್ಲ. ಬಿಲ್ಲೆಗಳ ನಡುವೆ ಪೋಣಿಸುವ ಸಣ್ಣ ದಾರಕ್ಕೆ ಜೇನುಮೇಣ ಸವರಿದರೆ ಅದು ಸರಾಗವಾಗಿ ಜಾರುತ್ತದೆ. ಅದರ ಕೊನೆಗೆ ಅಂಟು ಹಾಕಿದ್ದು, ಎಲ್ಲ ಜೋಡಿಗಳನ್ನೂ ಬಿಗಿದು, ಕಂಬ ನೆಟ್ಟಗಿದೆಯೇ ಎಂದು ಮುಂದಿನಿಂದ ನೋಡಿಕೊಂಡ ಮೇಲಷ್ಟೇ.