ಕೊನೆಯ ಕರಡನ್ನು ಎಲ್ಲಿಟ್ಟಿದ್ದೆ?

ಕಳೆದ ಮಳೆಗಾಲದ ಭತ್ತದ ಬೆಳೆ, ಅಂದರೆ ಏಣೆಲು ಬೇಸಾಯದ ಹೊತ್ತಿಗೆ, ಮಳೆ ಹಿಡಿದ ಒಂದು ಸಂಜೆ, ಕಾರ್ಕಳದ ಕಡೆಯ ಹುಡುಗಿಯೊಬ್ಬಳು ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಕಳುಹಿಸಿದಳು. ಅದರಲ್ಲಿ ನನ್ನದೇ ಹೆಸರು, ನನ್ನದೇ ಲೇಖನದ ಶೀರ್ಷಿಕೆ ಇದ್ದವು. ಕೆಳಗೆ ಒಂದು ಬೀಗದ ಗುರುತು, ಅದರ ಪಕ್ಕದಲ್ಲಿ ಡಾಲರಿನಲ್ಲಿ ಬೆಲೆ. ‘ಮೇಡಂ, ಇದು ನಮ್ಮ ಅಜ್ಜಿಯ ಹಾಡುಗಳ ಬಗ್ಗೆ ನೀವು ಬರೆದದ್ದಲ್ಲವೇ? ಓದಬೇಕೆಂದರೆ ದುಡ್ಡು ಕೇಳುತ್ತಿದೆ.’

ಆ ಅಜ್ಜಿ ನೇಜಿ (ಭತ್ತದ ಸಸಿ) ನೆಡುವಾಗ ಹಾಡುತ್ತಿದ್ದ ತುಳು ಹಾಡುಗಳನ್ನು, ಅಂದರೆ ಕಥೆ ಹೇಳುವ ಪಾಡ್ದನ ಮತ್ತು ಗದ್ದೆ ಕೆಲಸದ ಕಬಿತಗಳನ್ನು, ನಾನು ಎರಡು ಮಳೆಗಾಲ ಅವರ ಮನೆಯ ಜಗಲಿಯಲ್ಲಿ ಕುಳಿತು ಧ್ವನಿಮುದ್ರಿಸಿಕೊಂಡಿದ್ದೆ. ಪ್ರತಿಯಾಗಿ ಕೊಟ್ಟದ್ದು ಒಂದು ಸೀರೆ ಮತ್ತು ಹೋದಾಗಲೆಲ್ಲ ಒಂದು ಕಟ್ಟು ವೀಳ್ಯದೆಲೆ. ಅವರು ತೀರಿಕೊಂಡು ಕೆಲವು ವರ್ಷಗಳಾಗಿವೆ. ನನಗೆ ಆ ಲೇಖನದಿಂದ ಬಡ್ತಿಯ ಅಂಕಗಳು ಸಿಕ್ಕವು. ಮೊಮ್ಮಗಳಿಗೆ ಬೀಗ ಸಿಕ್ಕಿತು.

ತಮಾಷೆಯೆಂದರೆ, ನನ್ನ ಬಳಿಯೂ ಕೀಲಿ ಇರಲಿಲ್ಲ. ಮಂಗಳೂರಿನಲ್ಲಿ ನಾನು ಪಾಠ ಮಾಡುವ ಖಾಸಗಿ ಅನುದಾನಿತ ಕಾಲೇಜು, ಲೇಖನ ಅಚ್ಚಾದ ಆ ಸಂಶೋಧನ ಪತ್ರಿಕೆಗೆ ಚಂದಾ ಕಟ್ಟುವುದಿಲ್ಲ. ಕೇಂದ್ರ ಸರ್ಕಾರ 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿಟ್ಟು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ದೇಶಕ್ಕೆ ಒಂದೇ ಚಂದಾದಲ್ಲಿ ಕೊಡುವ ಯೋಜನೆ ತಂದಿದೆ, ನಿಜ. ಆದರೆ ಅದು ಸರ್ಕಾರಿ ಸಂಸ್ಥೆಗಳ ಒಳಗಿರುವವರಿಗೆ. ಕಾರ್ಕಳದ ಹಳ್ಳಿಯ ಮನೆಯಲ್ಲಿ ಮೊಬೈಲ್ ಹಿಡಿದು ಕುಳಿತವಳಿಗೆ ಅಲ್ಲ.

ಅವಳಿಗೆ ಪಿಡಿಎಫ್ ಕಳುಹಿಸಿ ಕೈತೊಳೆದುಕೊಳ್ಳಬಹುದಿತ್ತು. ಪತ್ರಿಕೆಯವರು ಲೇಖಕರಿಗೆಂದು ಕೊಟ್ಟ ಪ್ರತಿ ಮಿಂಚಂಚೆಯಲ್ಲಿತ್ತು; ಕಳುಹಿಸಿಯೂ ಬಿಟ್ಟೆ. ಆದರೆ ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲವಲ್ಲ. ಆ ರಾತ್ರಿ ನನ್ನ ಲೇಖನಗಳ ಪಟ್ಟಿ ಮಾಡಿದೆ. ಒಟ್ಟು 27: ಇಂಗ್ಲಿಷಿನಲ್ಲಿ 11, ಕನ್ನಡದಲ್ಲಿ 16. ಇಂಗ್ಲಿಷಿನವು ದುಡ್ಡಿನ ಬೀಗದ ಹಿಂದಿದ್ದವು. ಕನ್ನಡದವು ಅಭಿನಂದನ ಗ್ರಂಥಗಳಲ್ಲಿ, ವಿಚಾರ ಸಂಕಿರಣದ ಸಂಪುಟಗಳಲ್ಲಿ, ನಿಂತುಹೋದ ಸಾಹಿತ್ಯ ಪತ್ರಿಕೆಗಳಲ್ಲಿ ಧೂಳು ತಿನ್ನುತ್ತಿದ್ದವು. ಯಾವುದು ಹೆಚ್ಚು ಮುಚ್ಚಿದ್ದು ಎಂದು ಕೇಳಿದರೆ ಕನ್ನಡದವೇ ಎನ್ನುತ್ತೇನೆ. ಬೀಗ ಹಾಕಿದ ಲೇಖನ ಇದೆಯೆಂದಾದರೂ ಗೂಗಲ್‌ಗೆ ಗೊತ್ತಿರುತ್ತದೆ.

ಸಂಶೋಧನ ಲೇಖನಗಳು ಎಲ್ಲರಿಗೂ ಉಚಿತವಾಗಿ ಓದಲು ಸಿಗಬೇಕೆನ್ನುವುದಕ್ಕೆ ಓಪನ್ ಆಕ್ಸೆಸ್ ಎನ್ನುತ್ತಾರೆ. ಆ ಹೆಸರು ಎತ್ತಿದೊಡನೆ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು, ‘ಅದೇ ಅಲ್ಲವೇ, ದುಡ್ಡು ಕೊಟ್ಟರೆ ಮೂರು ದಿನಗಳಲ್ಲಿ ಪ್ರಕಟಿಸುವವರು?’ ಎಂದು ನಕ್ಕರು. ಅವರ ತಪ್ಪಲ್ಲ, ಮಿಂಚಂಚೆಗೆ ದಿನವೂ ಬಂದು ಬೀಳುವ ಆಹ್ವಾನಗಳು ಆ ಹೆಸರನ್ನೇ ಕೆಡಿಸಿವೆ. ಓಪನ್ ಆಕ್ಸೆಸ್ ಬಗೆಗಿನ 2002ರ ಬುಡಾಪೆಸ್ಟ್ ಘೋಷಣೆಯಲ್ಲಿ ಎರಡು ದಾರಿಗಳಿದ್ದವು. ಒಂದು, ಎಲ್ಲರಿಗೂ ತೆರೆದ ಪತ್ರಿಕೆಗಳನ್ನು ನಡೆಸುವುದು. ಇನ್ನೊಂದು, ಲೇಖನ ಎಲ್ಲೇ ಪ್ರಕಟವಾಗಲಿ, ಲೇಖಕರು ತಮ್ಮ ಪ್ರತಿಯನ್ನು ತಾವೇ ಒಂದು ಸಾರ್ವಜನಿಕ ಸಂಗ್ರಹದಲ್ಲಿ ಇಡುವುದು. ಎರಡನೆಯದಕ್ಕೆ ಲೇಖಕರು ಕಾಸು ಕೊಡಬೇಕಾಗಿಲ್ಲ. ಭೌತವಿಜ್ಞಾನಿಗಳು 1991ರಿಂದ ಆರ್ಕೈವ್ ಎಂಬ ಸಂಗ್ರಹದಲ್ಲಿ ಮಾಡುತ್ತ ಬಂದದ್ದು ಇದನ್ನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ತನ್ನ ಇ-ಪ್ರಿಂಟ್ಸ್ ಸಂಗ್ರಹ ತೆರೆಯಿತು. ನಮ್ಮ ಸುತ್ತಲೂ ಇಲ್ಲವೆಂದಲ್ಲ, ಮಣಿಪಾಲದಲ್ಲೂ ಸುರತ್ಕಲ್‌ನಲ್ಲೂ ಸಂಸ್ಥೆಯ ಸಂಗ್ರಹಗಳಿವೆ. ಜಾನಪದ, ಸಾಹಿತ್ಯದವರಾದ ನಾವು ಮಾತ್ರ ಅದು ವಿಜ್ಞಾನದವರ ಮನೆಯ ಮದುವೆಯೆಂದು ದೂರ ಉಳಿದಿದ್ದೇವೆ.

ಮೊದಲ ಎಡವಟ್ಟನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಸಂಶೋಧಕರ ಒಂದು ಜಾಲತಾಣಕ್ಕೆ, ಎಲ್ಲರೂ ಹಾಕುತ್ತಾರೆಂದು ನಾನೂ ಪ್ರಕಾಶಕರ ಅಚ್ಚಿನ ಪಿಡಿಎಫನ್ನೇ ಹಾಕಿದ್ದೆ. ಒಂದು ದಿನ, ಅದನ್ನು ತೆಗೆಯಲಾಗಿದೆ ಎಂಬ ಒಣ ಸಂದೇಶ ಬಂತು. ಆಗ ಸಿಟ್ಟು ಬಂದಿತ್ತು. ನಾನು ಸಹಿ ಮಾಡಿದ್ದ ಒಪ್ಪಂದವನ್ನು ಓದಿದ್ದು ಈಗ, ಹುಡುಗಿಯ ಸಂದೇಶ ಬಂದ ಮೇಲೆ. ಒಪ್ಪಂದ ಅಷ್ಟೇನೂ ಕ್ರೂರವಾಗಿರಲಿಲ್ಲ. ಪ್ರಕಾಶಕರ ಲಾಂಛನ, ಪುಟವಿನ್ಯಾಸ ಇರುವ ಅಚ್ಚಿನ ಪ್ರತಿ ಅವರದು, ಅದನ್ನು ಹಾಕುವಂತಿಲ್ಲ. ಆದರೆ ಪ್ರಕಟಣೆಗೆ ಮುನ್ನ ಲೇಖನವನ್ನು ಪರಿಶೀಲಿಸುವ ವಿಮರ್ಶಕರು ಕೇಳಿದ ತಿದ್ದುಪಡಿಗಳೆಲ್ಲ ಮುಗಿದು, ಸಂಪಾದಕರು ಒಪ್ಪಿಕೊಂಡ, ಇನ್ನೂ ಅಚ್ಚಿನ ಮನೆಗೆ ಹೋಗದ ನನ್ನ ವರ್ಡ್ ಕಡತವನ್ನು ಹಾಕಬಹುದಿತ್ತು. ಮಾತು ಅದೇ, ವಾದ ಅದೇ, ಅಡಿಟಿಪ್ಪಣಿಯೂ ಅದೇ.

ಯಾವ ಪತ್ರಿಕೆ ಯಾವ ಪ್ರತಿಗೆ ಎಷ್ಟು ತಿಂಗಳ ತಡೆ ಹಾಕಿದೆ ಎಂದು ನೋಡಲು ಬ್ರಿಟನ್ನಿನ ಜಿಸ್ಕ್ ಸಂಸ್ಥೆಯ ಉಚಿತ ಹುಡುಕುತಾಣವಿದೆ. ಬಹುಕಾಲ ಶೆರ್ಪಾ ರೋಮಿಯೊ ಎಂಬ ಹೆಸರಿತ್ತು, ಈಗ ಓಪನ್ ಪಾಲಿಸಿ ಫೈಂಡರ್ ಎನ್ನುತ್ತಾರೆ. ಪತ್ರಿಕೆಯ ಹೆಸರನ್ನೋ ಐಎಸ್‌ಎಸ್‌ಎನ್ ಸಂಖ್ಯೆಯನ್ನೋ ಕೊಟ್ಟರೆ ಸಾಕು. ಕೆಲವು ಪ್ರಕಾಶಕರು ಒಪ್ಪಿತ ಕರಡನ್ನು ತಕ್ಷಣವೇ ಇಡಲು ಬಿಡುತ್ತಾರೆ; ಹಲವರು 12 ತಿಂಗಳು, ಕೆಲವರು 18 ಅಥವಾ 24 ತಿಂಗಳು ಕಾಯಿಸುತ್ತಾರೆ. ನನ್ನ 11 ಲೇಖನಗಳಲ್ಲಿ 9ಕ್ಕೆ ಅನುಮತಿ ಇತ್ತು, ತಡೆಯ ಅವಧಿ ಎಂದೋ ಮುಗಿದಿತ್ತು. ಅರ್ಧ ಗಂಟೆಯ ಕೆಲಸ. ಇಷ್ಟು ವರ್ಷ ಬಾಗಿಲು ತೆರೆದೇ ಇತ್ತು; ನಾನು ತಳ್ಳಿ ನೋಡಿರಲಿಲ್ಲ.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಆ ಒಪ್ಪಿತ ಕರಡುಗಳು ಎಲ್ಲಿವೆ?

ಅಚ್ಚಾದ ಪ್ರತಿ ಕೈಗೆ ಬಂದ ದಿನ ಕರಡಿನ ಮೇಲಿನ ಪ್ರೀತಿ ಹೋಗಿಬಿಡುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಸಾಕು’ ಎಂಬ ಮೂರು ಕಡತಗಳು ಸಿಕ್ಕವು. ತೆರೆದು ನೋಡಿದರೆ ‘ಹೊಸದು’ ಎಂಬುದೇ ಎಲ್ಲಕ್ಕಿಂತ ಹಳೆಯದು. ಅಚ್ಚಿನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಎರಡನೆಯ ವಿಮರ್ಶಕರು ಒತ್ತಾಯಿಸಿ ಸೇರಿಸಿದ್ದ ಒಂದು ಪ್ಯಾರಾ ಯಾವ ಕಡತದಲ್ಲಿದೆ ಎಂದು ಹುಡುಕಿದೆ. ಆ ಪ್ಯಾರಾ ಬರೆಸಿದ್ದಕ್ಕೆ ಅಂದು ಅವರನ್ನು ಮನಸ್ಸಿನಲ್ಲೇ ಬೈದಿದ್ದೆ. ಇಂದು ಅದೇ ಗುರುತಿನ ಕಲ್ಲಾಯಿತು. ಎರಡು ಲೇಖನಗಳ ಕರಡು ಪತ್ರಿಕೆಯ ಸಲ್ಲಿಕೆ ವ್ಯವಸ್ಥೆಯಲ್ಲೇ ಉಳಿದಿತ್ತು. ಮರೆತ ಪಾಸ್‌ವರ್ಡನ್ನು ಹೊಸದಾಗಿ ಪಡೆದು ಒಳಹೊಕ್ಕರೆ, ಲೇಖಕರ ಪುಟದಲ್ಲಿ ಸಲ್ಲಿಸಿದ ಪ್ರತಿ ಆವೃತ್ತಿಯೂ ದಿನಾಂಕ ಸಹಿತ ಕುಳಿತಿತ್ತು. ಇನ್ನೊಂದು ಧಾರವಾಡದಲ್ಲಿರುವ ಸಹಲೇಖಕರ ಬಳಿ ಸಿಕ್ಕಿತು. ಅವರ ಒಪ್ಪಿಗೆ ಹೇಗೂ ಬೇಕಿತ್ತು. ಎರಡು ಮಾತ್ರ ಎಲ್ಲೂ ಇಲ್ಲ. ಅಚ್ಚಿನ ಪ್ರತಿಯಿಂದ ಪಠ್ಯ ನಕಲಿಸಿ ಕರಡಿನ ವೇಷ ಹಾಕಬಹುದೇ ಎಂಬ ಆಸೆ ಬಂತು. ಹಾಕಲಿಲ್ಲ. ಅವೆರಡೂ ಇಂದಿಗೂ ಬೀಗದ ಹಿಂದೆಯೇ ಇವೆ.

ಕಾಲೇಜಿನಲ್ಲಿ ಡಿಸ್ಪೇಸ್ ತಂತ್ರಾಂಶ ಹಾಕಿದ ಒಂದು ಸಂಗ್ರಹ ಹೆಸರಿಗಿದೆ, ಮೌಲ್ಯಮಾಪನ ತಂಡ ಬರುವ ಮುನ್ನ ಮಾಡಿಸಿದ್ದು. ತಂಡ ಹೋದ ಮೇಲೆ ಸರ್ವರ್ ಆರಿತು, ಮತ್ತೆ ಹಚ್ಚಿದವರಿಲ್ಲ. ಹೀಗಾಗಿ ಝೆನೋಡೋ ಆರಿಸಿಕೊಂಡೆ. ಜಿನೀವಾದ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಈ ಸಂಗ್ರಹ ಯಾವ ವಿಷಯದವರಿಗೂ ಉಚಿತ. ಪ್ರತಿ ಕಡತಕ್ಕೂ ಡಿಒಐ ಎಂಬ ಶಾಶ್ವತ ಗುರುತು ಸಂಖ್ಯೆ ಸಿಗುತ್ತದೆ. ಒಂದು ಎಚ್ಚರಿಕೆ: ಪ್ರಕಟಿಸು ಎಂದು ಒತ್ತಿದ ಮೇಲೆ ಸುಮ್ಮನೆ ಅಳಿಸಲು ಬರುವುದಿಲ್ಲ, ತಪ್ಪಿದ್ದರೆ ಹೊಸ ಆವೃತ್ತಿ ಸೇರಿಸಬೇಕು. ಆದ್ದರಿಂದ ಒತ್ತುವ ಮೊದಲು ಒಂದು ಲೋಟ ಚಹಾ ಕುಡಿದು ಬಂದು ಮತ್ತೊಮ್ಮೆ ನೋಡುವುದು ನನ್ನ ಪದ್ಧತಿಯಾಯಿತು. ಪ್ರತಿ ಕರಡಿಗೂ ಒಂದು ಮುಖಪುಟ ಜೋಡಿಸಿದೆ: ಇದು ಒಪ್ಪಿತ ಕರಡು, ಅಚ್ಚಾದದ್ದು ಇಂಥ ಪತ್ರಿಕೆಯ ಇಂಥ ಸಂಪುಟದಲ್ಲಿ, ಪ್ರಕಾಶಕರ ಡಿಒಐ ಇದು. ನಮ್ಮ ಕ್ಷೇತ್ರದಲ್ಲಿ ಪುಟಸಂಖ್ಯೆ ಇಲ್ಲದೆ ಯಾರೂ ಉಲ್ಲೇಖಿಸುವುದಿಲ್ಲ. ಆದ್ದರಿಂದ ಅಚ್ಚಿನಲ್ಲಿ ಪುಟ ಬದಲಾಗುವ ಕಡೆಯಲ್ಲೆಲ್ಲ ಚೌಕ ಆವರಣದಲ್ಲಿ ಆ ಸಂಖ್ಯೆಯನ್ನು ಹಾಕಿದೆ.

ಕನ್ನಡದ ಲೇಖನಗಳಲ್ಲಿ ಹಕ್ಕಿನ ಗೋಜು ಕಡಿಮೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಲೇಖಕರು ಬರಹದಲ್ಲಿ ಸಹಿ ಮಾಡಿ ಕೊಡದ ಹೊರತು ಹಕ್ಕಿನ ವರ್ಗಾವಣೆ ಊರ್ಜಿತವಲ್ಲ. ಕೊಟ್ಟಿದ್ದರೂ ಅವಧಿ ನಮೂದಿಸಿರದಿದ್ದರೆ ಅದು 5 ವರ್ಷಗಳದ್ದು. ಅಭಿನಂದನ ಗ್ರಂಥಕ್ಕೆ ಬರೆಯುವಾಗ ನಮ್ಮಲ್ಲಿ ಯಾರು ಸಹಿ ಮಾಡಿದ್ದಾರೆ? ಫೋನಿನಲ್ಲಿ ‘ತಿಂಗಳೊಳಗೆ ಕೊಡಿ’ ಎನ್ನುತ್ತಾರೆ, ಮೂರು ತಿಂಗಳಿಗೆ ಕೊಡುತ್ತೇವೆ. ಆದರೂ ಬದುಕಿರುವ ಸಂಪಾದಕರಿಗೆಲ್ಲ ಒಂದು ಮಾತು ಹೇಳಿದೆ. ಒಬ್ಬ ಹಿರಿಯರು, ‘ಅದು ಓದುವವರಿಗೆ ಸಿಗಲಿ ಮಾರಾಯ್ರೇ, ನಮ್ಮ ಅಟ್ಟದಲ್ಲಿ ಇನ್ನೂರು ಪ್ರತಿ ಗೆದ್ದಲಿಗೆ ಸಿಕ್ಕಿದೆ’ ಎಂದರು.

ಗೋಜು ಇದ್ದದ್ದು ಅಕ್ಷರದಲ್ಲಿ. ನನ್ನ ಹಳೆಯ ಬರಹವೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ, ಎಲ್ಲ ಗಣಕಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತ ಅದಕ್ಕೆ ಬರುವ ಮುಂಚಿನದು. ಕಣ್ಣಿಗೆ ಅಚ್ಚ ಕನ್ನಡ. ಒಳಗೆ ಗಣಕಕ್ಕೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಹಾಗೇ ಪಿಡಿಎಫ್ ಮಾಡಿ ಹಾಕಿದರೆ ‘ಪಾಡ್ದನ’ ಎಂದು ಹುಡುಕಿದವರಿಗೆ ಅದು ಎಂದೂ ಸಿಗುವುದಿಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದೆ. ಕನ್ನಡ ಬಹುಪಾಲು ನೆಟ್ಟಗೆ ಬಂತು, ಅರ್ಕಾವತ್ತು ಕೆಲವೆಡೆ ಪಕ್ಕದ ಅಕ್ಷರದ ಮೇಲೆ ಕುಳಿತದ್ದು ಬಿಟ್ಟರೆ. ತುಳುವಿನದು ಬೇರೆಯೇ ಕಥೆ. ತುಳುವಿನ ಪದಾಂತ್ಯದ ಅರ್ಧ ಉಕಾರವನ್ನು ನಾವು ಅರ್ಧಾಕ್ಷರವಾಗಿ ಬರೆಯುತ್ತೇವೆ: ‘ಮಲ್ತ್‌ದ್’. ಯೂನಿಕೋಡಿನಲ್ಲಿ ಕೊನೆಯ ‘ತ್’, ‘ದ್’ಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು, ರಾಜ್‌ಕುಮಾರ್ ಎಂದು ಬರೆಯುವಾಗ ಬೇಕಾಗುವುದೇ. ಅದಿಲ್ಲದಿದ್ದರೆ ‘ಮಲ್ತ್ದ್’ ಎಂದು ಒತ್ತಕ್ಷರಗಳ ಗಂಟಾಗುತ್ತದೆ. ಪರಿವರ್ತಕಕ್ಕೆ ತುಳು ಎಲ್ಲಿಂದ ಗೊತ್ತು? ಮುನ್ನೂರಕ್ಕೂ ಹೆಚ್ಚು ಸಾಲುಗಳನ್ನು ಕೈಯಾರೆ ಬಿಡಿಸಿದೆ. ಸುಗ್ಗಿ ಬೇಸಾಯದ ಕಾಲವೂ ಅದರಲ್ಲೇ ಕಳೆಯಿತು.

ಇಷ್ಟಾದ ಮೇಲೂ ಹಾಡುಗಳನ್ನು ನೇರವಾಗಿ ಹಾಕಲಿಲ್ಲ. ಲೇಖನ ನನ್ನದು, ಅನುಬಂಧದಲ್ಲಿರುವ ಹಾಡು ಅಜ್ಜಿಯದು. ಕಾಯ್ದೆಯಲ್ಲಿ ಹಾಡುಗಾರರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ. ಅದಕ್ಕಿಂತ ಹೆಚ್ಚಾಗಿ, ಅಂದು ನಾನು ಕೇಳಿದ್ದು ‘ರೆಕಾರ್ಡ್ ಮಾಡಲೇ ಅಕ್ಕ?’ ಎಂದು ಮಾತ್ರ. ಲೋಕಕ್ಕೆಲ್ಲ ಕೊಡಲೇ ಎಂದು ಕೇಳಿರಲಿಲ್ಲ. ಹುಡುಗಿಗೆ ಫೋನ್ ಮಾಡಿ ಒಂದು ಭಾನುವಾರ ಅವರ ಮನೆಗೆ ಹೋದೆ. ಬೆಲ್ಲ, ನೀರು ಬಂತು. ಅವಳ ಸೋದರಮಾವ ನೇರ ಮನುಷ್ಯ. ‘ಇದರಿಂದ ನಿಮಗೆಷ್ಟು ಸಿಗುತ್ತದೆ ಟೀಚರ್?’ ಎಂದರು. ಏನೂ ಇಲ್ಲ ಎಂದೆ. ‘ಮತ್ತೆ ಆ ಡಾಲರು?’ ಅದು ಪ್ರಕಾಶಕರಿಗೆ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಗದ್ದೆಯ ಹಾಡುಗಳಿಗೆಲ್ಲ ಒಪ್ಪಿದರು. ಮನೆಯ ದೈವಕ್ಕೆ ಸಂಬಂಧಿಸಿದ ಒಂದು ಹಾಡನ್ನು ಬೇಡವೆಂದರು. ಅದನ್ನು ಅನುಬಂಧದಿಂದ ತೆಗೆದು, ಕುಟುಂಬದ ಇಚ್ಛೆಯಂತೆ ಬಿಟ್ಟಿದೆ ಎಂದು ಒಂದು ಸಾಲು ಬರೆದೆ. ಧ್ವನಿಮುದ್ರಣವನ್ನು, ಅನುಮತಿ ಕೇಳಿ ಪಡೆಯುವವರಿಗಷ್ಟೇ ಎಂದು ಮುಚ್ಚಿಟ್ಟಿದ್ದೇನೆ. ಎಲ್ಲವನ್ನೂ ತೆರೆಯಬೇಕೆಂದು ವಾದಿಸುವವರೊಡನೆ ಈ ವಿಷಯದಲ್ಲಿ ನನಗೆ ಜಗಳವಿದೆ.

ಈವರೆಗೆ 19 ಲೇಖನಗಳು ಹೊರಬಂದಿವೆ. ಉಳಿದವುಗಳಲ್ಲಿ ಮೂರು ಒಂದು ಸಿ.ಡಿ.ಯಲ್ಲಿವೆ, ಅದನ್ನು ಓದುವ ಯಂತ್ರವನ್ನು ಹಂಪನಕಟ್ಟೆಯ ಅಂಗಡಿಗಳಲ್ಲಿ ಕೇಳಿಕೊಂಡು ತಿರುಗುತ್ತಿದ್ದೇನೆ.

ಅಜ್ಜಿಯ ಲೇಖನ ಹಾಕಿದ ಎರಡನೆಯ ವಾರ ಹುಡುಗಿಯಿಂದ ಮತ್ತೆ ಸಂದೇಶ ಬಂತು. ಒಂದು ಕಬಿತದಲ್ಲಿ ಬರುವ ‘ಮಜಲ್’ ಎಂಬ ಪದಕ್ಕೆ ನಾನು ‘ಬೈಲಿಗಿಂತ ಎತ್ತರದ ಗದ್ದೆ’ ಎಂದು ಅರ್ಥ ಕೊಟ್ಟು, ಅದರ ಮೇಲೆ ಒಂದು ಪ್ಯಾರಾ ವಿವರಣೆ ಕಟ್ಟಿದ್ದೆ. ‘ಮೇಡಂ, ಅದು ಗದ್ದೆಯಲ್ಲ. ಅಜ್ಜಿಯ ತವರುಮನೆಯ ಹೆಸರು ಮಜಲು. ಅವರು ತವರನ್ನು ನೆನೆದು ಹಾಡುತ್ತಿದ್ದರು.’ ಆ ಲೇಖನವನ್ನು ಇಬ್ಬರು ವಿಮರ್ಶಕರು ಓದಿದ್ದರು, ಸಂಪಾದಕರು ಓದಿದ್ದರು, ಉಲ್ಲೇಖಿಸಿದವರೂ ಓದಿದ್ದಾರೆಂದು ನಂಬಿಕೊಂಡಿದ್ದೇನೆ. ಕರಡನ್ನು ಮುಟ್ಟದೆ, ಮುಖಪುಟದ ಹಿಂದೆ ತಿದ್ದುಪಡಿಯ ಒಂದು ಪುಟ ಸೇರಿಸಿ, ತಿದ್ದಿದವಳ ಹೆಸರನ್ನು ಅವಳ ಒಪ್ಪಿಗೆ ಪಡೆದು ಹಾಕಿ, ಎರಡನೆಯ ಆವೃತ್ತಿಯನ್ನು ಏರಿಸಿದೆ. ಪ್ರಕಾಶಕರಿಗೂ ಬರೆದಿದ್ದೇನೆ. ಉತ್ತರ ಬಂದಿಲ್ಲ.