ಉಸ್ತರಾ ಕ್ಷೌರ: ಮೊದಲ ತಿಂಗಳು ಕೆನ್ನೆಗೆ ಮಾತ್ರ

ಬೆನ್ನಿನ ಕಡೆ ದಪ್ಪವಾಗಿದ್ದು ಬಾಯಿಯ ಕಡೆ ಅತಿ ತೆಳುವಾಗಿ ಇಳಿಯುವ, ಹಿಡಿಯೊಳಗೆ ಮಡಚಿಕೊಳ್ಳುವ ಕ್ಷೌರದ ಕತ್ತಿಯನ್ನು ನಮ್ಮ ವಿಜಯಪುರದ ಕಡೆ ಉಸ್ತರಾ ಎನ್ನುತ್ತೇವೆ. ಅದರಿಂದ ತಮ್ಮ ಮುಖವನ್ನು ತಾವೇ ಕ್ಷೌರ ಮಾಡಿಕೊಳ್ಳಬೇಕೆಂಬ ಆಸೆಯಿಂದ ಆರಂಭಿಸಿ, ಕೆಲವೇ ದಿನಗಳಲ್ಲಿ ಬೇಸತ್ತು ಕತ್ತಿಯನ್ನು ಪೆಟ್ಟಿಗೆಗೆ ಸೇರಿಸಿದವರನ್ನು ನಾನು ಕಂಡಿದ್ದೇನೆ. ಅವರೆಲ್ಲರೂ ಮೊದಲ ದಿನವೇ ಇಡೀ ಮುಖಕ್ಕೆ ಕೈ ಹಾಕಿದ್ದರು. ಆದ್ದರಿಂದ ಹೊಸಬರಿಗೆ ನನ್ನ ಮೊದಲ ಮಾತು ಇಷ್ಟೇ: ಒಂದು ತಿಂಗಳ ಕಾಲ ಎರಡು ಕೆನ್ನೆಗಳನ್ನು ಮಾತ್ರ ಉಸ್ತರಾದಿಂದ ಮಾಡಿಕೊಳ್ಳಿ, ಉಳಿದ ಭಾಗವನ್ನು ಎಂದಿನ ರೇಜರಿನಿಂದಲೇ ಮುಗಿಸಿ.

ಈಗ ಸಲೂನುಗಳಲ್ಲಿ ಕಾಣುವುದು ಬ್ಲೇಡನ್ನು ಅರ್ಧಕ್ಕೆ ಮುರಿದು ಸಿಕ್ಕಿಸುವ ಉಸ್ತರಾ. ಎಚ್‌ಐವಿ, ಹೆಪಟೈಟಿಸ್‌ನಂತಹ ರಕ್ತದಿಂದ ಹರಡುವ ಸೋಂಕುಗಳನ್ನು ತಡೆಯಲು ಪ್ರತಿ ಗಿರಾಕಿಗೂ ಹೊಸ ಬ್ಲೇಡು ಹಾಕುವುದು ಅಲ್ಲಿ ಅಗತ್ಯ. ಅದು ಅಗ್ಗವಾಗಿದೆ, ಮಸೆಯುವ ಕೆಲಸವಿಲ್ಲ. ಆದರೆ ಹಗುರವಾಗಿರುವುದರಿಂದ ಕೈಯ ಸಣ್ಣ ತಪ್ಪನ್ನೂ ಅದು ಕ್ಷಮಿಸುವುದಿಲ್ಲ. ನಿಜವಾದ ಉಸ್ತರಾ ಕೊಳ್ಳುವುದಾದರೆ ಅಲಗಿನ ಅಗಲವನ್ನು ನೋಡಬೇಕು. ಇದನ್ನು ಇಂಚಿನ ಎಂಟನೆಯ ಭಾಗಗಳಲ್ಲಿ ಅಳೆಯುತ್ತಾರೆ; 5/8 ಅಥವಾ 6/8 ಅಗಲದ, ಮೂಗು, ಅಂದರೆ ಅಲಗಿನ ತುದಿ, ದುಂಡಗಿರುವ ಕತ್ತಿ ಕಲಿಯುವವರಿಗೆ ಸರಿಯಾದುದು. ಚೂಪು ಮೂಗಿನದು ಕಿವಿಯ ಬುಡದಲ್ಲಿ ಚುಚ್ಚುತ್ತದೆ. ಜರ್ಮನಿಯ ಸೋಲಿಂಗೆನ್ ಅಥವಾ ಇಂಗ್ಲೆಂಡಿನ ಶೆಫೀಲ್ಡ್ ಮುದ್ರೆಯ ಹಳೆಯ ಕತ್ತಿಗಳು ದೊರೆತರೆ, ಬಾಯಿಯಲ್ಲಿ ಚಕ್ಕೆ ಎದ್ದಿಲ್ಲ, ತುಕ್ಕು ಬಾಯಿಯವರೆಗೆ ತಿಂದಿಲ್ಲ ಎಂಬುದನ್ನು ಬೆಳಕಿಗೆ ಹಿಡಿದು ಪರೀಕ್ಷಿಸಬೇಕು.

ಹೊಸ ಕತ್ತಿಯೆಂದರೆ ಹರಿತವಾದ ಕತ್ತಿ ಎಂದು ನಂಬಬಾರದು. ನನಗೆ ಮಾರಿದವರು ನೇರವಾಗಿ ಬಳಸಬಹುದೆಂದು ಹೇಳಿದ್ದರು. ಮೊದಲ ಎಳೆತದಲ್ಲಿಯೇ ಅದು ಕೂದಲನ್ನು ಕತ್ತರಿಸದೆ ಕಿತ್ತು, ಕಣ್ಣಲ್ಲಿ ನೀರು ತರಿಸಿತು. 1000 ದರ್ಜೆಯ ಸಾಣೆಗಲ್ಲಿನಿಂದ (ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು) ಆರಂಭಿಸಿ 4000, 8000, ಸಾಧ್ಯವಾದರೆ 12000 ದರ್ಜೆಯವರೆಗೆ ಸಾಣೆ ಹಿಡಿದರೆ ಮಾತ್ರ ಮುಖಕ್ಕೆ ತಕ್ಕ ಹರಿತ ಬರುತ್ತದೆ. ಈ ಕೆಲಸವನ್ನು ಮೊದಲ ವರ್ಷ ಬಲ್ಲವರಿಗೇ ಬಿಡುವುದು ಒಳ್ಳೆಯದು.

ಆದರೆ ಚರ್ಮದ ಪಟ್ಟಿಯ ಮೇಲೆ ಕತ್ತಿ ಎಳೆಯುವುದನ್ನು ಪ್ರತಿಯೊಬ್ಬರೂ ಕಲಿಯಲೇಬೇಕು. ಸಾಣೆಗಲ್ಲು ವರ್ಷಕ್ಕೆ ಒಂದೆರಡು ಸಲ ಬೇಕಾದೀತು, ಪಟ್ಟಿ ಪ್ರತಿ ಕ್ಷೌರಕ್ಕೂ ಬೇಕು. ನಮ್ಮ ಭಾಗದವರಿಗೆ ಇಲ್ಲೊಂದು ಅನುಕೂಲವಿದೆ. ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ, 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಗಳಿಗಾಗಿ ಬಳಸುವ, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ ಹದ ಮಾಡಿದ ಚರ್ಮವೇ ಈ ಕೆಲಸಕ್ಕೂ ಒದಗುತ್ತದೆ. ಎರಡೂವರೆಯಿಂದ ಮೂರು ಇಂಚು ಅಗಲದ, ಒಂದೂವರೆ ಅಡಿ ಉದ್ದದ, ಗಂಟು ಗೀರು ಇಲ್ಲದ ತುಂಡನ್ನು ಆರಿಸಿ, ಒಂದು ತುದಿಗೆ ತೂತು ಹಾಕಿಸಿ, ಕಿಟಕಿಯ ಸರಳಿಗೆ ಕಟ್ಟಿದೆ. ದಿನವೂ ಅಂಗೈಯಿಂದ ತಿಕ್ಕುತ್ತಾ ಬಂದುದರಿಂದ ಆ ಪಟ್ಟಿ ಈಗ ಹುಣಿಸೆ ಬೀಜದಂತೆ ನುಣುಪಾಗಿದೆ. ಅದಕ್ಕೆ ಎಣ್ಣೆ ಸುರಿಯುವ ಅಗತ್ಯವಿಲ್ಲ.

ಪಟ್ಟಿಯನ್ನು ಎಡಗೈಯಿಂದ ಬಿಗಿಯಾಗಿ ಎಳೆದು ಹಿಡಿದು, ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಚರ್ಮಕ್ಕೆ ತಾಗುವಂತೆ ಮಲಗಿಸಿ, ಬೆನ್ನು ಮುಂದೆ, ಬಾಯಿ ಹಿಂದೆ ಬರುವಂತೆ ಎಳೆಯಬೇಕು. ತುದಿ ತಲುಪಿದಾಗ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಿ ಹಿಂದಿರುಗಬೇಕು. ಬಾಯಿಯ ಮೇಲೆ ಹೊರಳಿಸಿದರೆ ಚರ್ಮವೂ ಹರಿಯುತ್ತದೆ, ಹರಿತವೂ ಹೋಗುತ್ತದೆ. ಪಟ್ಟಿ ಸಡಿಲವಾದರೆ ಬಾಯಿ ಮೊಂಡಾಗುತ್ತದೆ. ದಪ್ಪ ಹತ್ತಿ ಬಟ್ಟೆಯ ಮೇಲೆ 20, ಚರ್ಮದ ಮೇಲೆ 40 ಸಲ ಹೋಗಿ ಬಂದರೆ ಸಾಕು. ವೇಗ ತಾನಾಗಿಯೇ ಬರುತ್ತದೆ. ಮೊದಲ ವಾರ ಮೊಂಡಾದ ಚಾಕುವಿನಿಂದ ಹೊರಳಿಸುವುದನ್ನಷ್ಟೇ ಅಭ್ಯಾಸ ಮಾಡಿದರೆ ಒಳ್ಳೆಯ ಪಟ್ಟಿಯೊಂದು ಉಳಿಯುತ್ತದೆ.

ನೀರಿನ ವಿಷಯವನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮಲ್ಲಿ ಅನೇಕ ಕೊಳವೆಬಾವಿಗಳ ನೀರು ಸವಳು. ಅದರಲ್ಲಿ ಸಾಬೂನು ನೊರೆಯಾಗುವ ಬದಲು ಮೊಸರಿನಂತೆ ಒಡೆಯುತ್ತದೆ. ಒಂದು ಬಟ್ಟಲು ನೊರೆಗೆ ಬೇಕಾಗುವ ನೀರು ಅತ್ಯಲ್ಪವಾದುದರಿಂದ ಕುಡಿಯಲು ತಂದಿಟ್ಟ ಸಿಹಿನೀರನ್ನೇ ಬಿಸಿ ಮಾಡಿಕೊಳ್ಳಿ. ಸ್ನಾನ ಮಾಡಿ ಬಂದು, ಅಥವಾ ಬಿಸಿನೀರಿನ ವಸ್ತ್ರವನ್ನು ಮುಖಕ್ಕೆ ಎರಡು ಮೂರು ನಿಮಿಷ ಒತ್ತಿ ಹಿಡಿದು, ಕೂದಲು ಮೆತ್ತಗಾದ ಮೇಲೆ ಬ್ರಷ್‌ನಿಂದ ನೊರೆ ಹಚ್ಚಬೇಕು. ಚೈತ್ರ, ವೈಶಾಖಗಳ ಬಿಸಿಲಿನಲ್ಲಿ ನೊರೆ ಬೇಗನೆ ಒಣಗುವುದರಿಂದ ಒಂದು ಕೆನ್ನೆ ಮುಗಿದ ಮೇಲೆಯೇ ಇನ್ನೊಂದಕ್ಕೆ ಹಚ್ಚುವುದು ಲೇಸು. ಒಣ ನೊರೆಯ ಮೇಲೆ ಕತ್ತಿ ಇಡಲೇಬಾರದು.

ಇನ್ನು ಕೈಯ ಕೆಲಸ. ತೋರುಬೆರಳು, ನಡುಬೆರಳು, ಉಂಗುರ ಬೆರಳುಗಳನ್ನು ಅಲಗಿನ ಹಿಂದಿರುವ ಕಡ್ಡಿಯ ಮೇಲೆ, ಕಿರುಬೆರಳನ್ನು ಆ ಕಡ್ಡಿಯ ಕೊನೆಯಲ್ಲಿರುವ ಬಾಲದ ಮೇಲೆ, ಹೆಬ್ಬೆರಳನ್ನು ಕೆಳಗೆ ಇಟ್ಟು ಹಿಡಿಯಿರಿ. ಅಲಗನ್ನು ಕೆನ್ನೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ಅನಂತರ ಬೆನ್ನನ್ನು ಅದರ ದಪ್ಪದ ಒಂದೂವರೆ, ಎರಡು ಪಟ್ಟಿನಷ್ಟು ಮೇಲೆತ್ತಿದರೆ ಸುಮಾರು 30 ಡಿಗ್ರಿ ಓರೆ ಸಿಗುತ್ತದೆ. ಹೆಚ್ಚು ಎತ್ತಿದರೆ ಚರ್ಮ ಹೆರೆಯುತ್ತದೆ, ಕಡಿಮೆಯಾದರೆ ಕೂದಲು ಕೀಳುತ್ತದೆ. ಇದಕ್ಕಿಂತಲೂ ಮುಖ್ಯವಾದುದು ಖಾಲಿ ಇರುವ ಇನ್ನೊಂದು ಕೈ. ಕಿವಿಯ ಮುಂದಿನ ಚರ್ಮವನ್ನು ಬೆರಳಿನಿಂದ ಮೇಲಕ್ಕೆ ಎಳೆದು, ತಮಟೆಯಂತೆ ಬಿಗಿದಾಗ ಮಾತ್ರ ಕತ್ತಿ ಸರಾಗವಾಗಿ ಇಳಿಯುತ್ತದೆ. ನಮ್ಮ ಓಣಿಯಲ್ಲಿ ಐವತ್ತು ವರ್ಷ ಕ್ಷೌರ ಮಾಡಿದ ಹಿರಿಯರೊಬ್ಬರು ನನ್ನ ಮಣಿಕಟ್ಟನ್ನು ಹಿಡಿದು, "ತಮ್ಮಾ, ಒತ್ತಬ್ಯಾಡ, ಅದರ ಭಾರಕ್ಕ ಅದನ್ನ ಬಿಡು" ಎಂದರು. ಅಂದಿನಿಂದ ಕೈ ಹಗುರವಾಯಿತು.

ಎಳೆತ ಯಾವಾಗಲೂ ಕೂದಲು ಮಲಗಿರುವ ದಿಕ್ಕಿಗೆ, ಒಂದೆರಡು ಇಂಚಿನಷ್ಟು ಚಿಕ್ಕದಾಗಿರಲಿ. ಬಾಯಿಯ ಉದ್ದಕ್ಕೆ, ಅಂದರೆ ತರಕಾರಿ ಹೆಚ್ಚುವಂತೆ ಕತ್ತಿ ಅಡ್ಡ ಜಾರಿದರೆ ಗಾಯ ಖಂಡಿತ. ತಿಂಗಳು ಕಳೆದ ಮೇಲೆ ಕುತ್ತಿಗೆಗೆ ಇಳಿಯಿರಿ. ಅಲ್ಲಿ ಕೂದಲು ಹಲವು ದಿಕ್ಕಿಗೆ ತಿರುಗಿರುವುದರಿಂದ ಮೊದಲು ಬೆರಳಾಡಿಸಿ ತಿಳಿದುಕೊಳ್ಳಬೇಕು. ಗದ್ದ ಮತ್ತು ಮೇಲ್ತುಟಿ ಕೊನೆಯವು. ಕೂದಲಿಗೆ ಎದುರಾಗಿ ಎಳೆಯುವುದನ್ನು ಇಡೀ ಮುಖ ಗಾಯವಿಲ್ಲದೆ ಮುಗಿಯತೊಡಗಿದ ಮೇಲೆ ನೋಡೋಣ. ಮೊಡವೆಯೋ ಹುಣ್ಣೋ ಇರುವಲ್ಲಿ ಕತ್ತಿ ಬೇಡ.

ಮುಗಿದ ಬಳಿಕ ತಣ್ಣೀರಿನಿಂದ ಮುಖ ತೊಳೆದು, ಒದ್ದೆ ಪಟಿಕದ ಹರಳನ್ನು ಸವರಿದರೆ ಸಣ್ಣ ಗೀರುಗಳ ರಕ್ತ ನಿಲ್ಲುತ್ತದೆ. ಎಲ್ಲಿ ಹೆಚ್ಚು ಉರಿಯುತ್ತದೆಯೋ ಅಲ್ಲಿ ಕೈ ಭಾರವಾಗಿತ್ತೆಂದು ತಿಳಿಯಬಹುದು. ಕತ್ತಿಯನ್ನು ತೊಳೆದು, ಬೆನ್ನಿನಿಂದ ಬಾಯಿಯ ಕಡೆಗೆ ಮೃದು ಬಟ್ಟೆಯಿಂದ ಒರೆಸಿ, ತಿರುಗುವ ಕೀಲಿನ ಬಳಿಯ ತೇವವನ್ನೂ ತೆಗೆದು, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಸವರಿ, ಸ್ವಲ್ಪ ಹೊತ್ತು ತೆರೆದೇ ಆರಲು ಬಿಡಿ. ನಂತರ ಮಡಚಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ, ಬಚ್ಚಲುಮನೆಯ ಹಸಿಯಿಂದ ದೂರವಾಗಿ ಇಡಿ.